ಬಾಡಿಗೆ ತೊಟ್ಟಿಲು

"ಏ ಭಾಗಿ, ಆ ಗಂಟು ಹೊರಗ ಇಳಿಸಿ ಬಾ ಅಂದ್ನೆಲ್ಲಾ, ಕಿವ್ಯಾಗೇನ್ ಸಿಮಿಟ್ ತುಂಬ್ಕೊಂಡೀ?"

ಗಂಟು ಅಂದರೆ ಕೂಸು. ಹಳೆಯ ಸೀರೆಯ ಜೋಳಿಗೆಯಲ್ಲಿ ಭಾಗವ್ವನ ಬೆನ್ನಿಗೆ ಅಂಟಿಕೊಂಡು, ಅವಳು ಬಾಗಿದರೆ ಬಾಗುತ್ತ, ಎದ್ದರೆ ಏಳುತ್ತ, ಪ್ರೇಮಾಬಾಯಿಯ ಮನೆಯ ನೆಲವನ್ನು ಅದೂ ಒಂದು ರೀತಿಯಲ್ಲಿ ಒರೆಸುತ್ತಿತ್ತು.

ಪ್ರೇಮಾಬಾಯಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಮರಾಠಿ ಸೀಮೆಯ ಶೇಂದ್ರಾದಲ್ಲಿ ಏಳುತ್ತಿರುವ ಕಾರ್ಖಾನೆಯೊಂದರ ಗುತ್ತಿಗೆ ಹಿಡಿದ ಗುರುಲಿಂಗಪ್ಪನ ಹೆಂಡತಿ, ಬೀದರ ಕಡೆಯವರು. ಸೈಟಿನ ಮೂಲೆಯಲ್ಲೇ ಅವರ ಮನೆ. ಕಲಬುರಗಿ ಕಡೆಯಿಂದ ಕರೆತಂದ ಆಳುಗಳೆಲ್ಲ ತಗಡಿನ ಪತ್ರಾ ಶೆಡ್ಡಿನಲ್ಲಿ. "ನಾವು ನೀವು ಒಂದೇ ಭಾಷಿ, ಒಂದೇ ಮನ್ಯಾವ್ರಿದ್ದಂಗ" ಎಂದು ಗುರುಲಿಂಗಪ್ಪ ಆಗಾಗ ಹೇಳುವುದಿತ್ತು. ಆ ಒಂದೇ ಮನೆಯ ಅಡುಗೆಕೋಣೆಯ ಹೊಸ್ತಿಲನ್ನು ಭಾಗವ್ವ ದಾಟುವಂತಿರಲಿಲ್ಲ. ಪಾತ್ರೆಗಳೇ ಹಿತ್ತಲಿಗೆ ಬಂದು ತೊಳೆಸಿಕೊಂಡು, ಮೇಲೊಂದಿಷ್ಟು ನೀರು ಚಿಮುಕಿಸಿಕೊಂಡು ಒಳಗೆ ಹೋಗುತ್ತಿದ್ದವು. ಪಡಸಾಲೆಗೆ ಮಾತ್ರ ಅಭ್ಯಂತರವಿರಲಿಲ್ಲ. ನೆಲವನ್ನು ಹಿತ್ತಲಿಗೆ ಒಯ್ಯಲು ಬರುವುದಿಲ್ಲ. ಭಾಗವ್ವ ಫ್ಯಾನಿನ ಕೆಳಗೆ ಬಂದಾಗ ಸ್ವಿಚ್ಚು ಆರಿಸುವುದು, ಅವಳು ದಾಟಿ ಹೋದ ಮೇಲೆ ನೆಲ ಒಣಗಲೆಂದು ಹಚ್ಚುವುದು, ಇಷ್ಟು ಪ್ರೇಮಾಬಾಯಿಯ ಮುಂಜಾನೆಯ ದುಡಿಮೆ.

"ಹೊರಗ ಎಲ್ಲಿ ಇಳಿಸ್ಲಿರೀ ಅವ್ವಾರ? ಟಿಪ್ಪರ್ ನೋಡಲ್ದ ಹಿಂದಕ್ಕ ಬರ್ತಾವ್ರಿ. ಸಕ್ರವ್ವ ತನ್ನ ಕೂಸಿನ ಕಾಲಿಗಿ ಹಗ್ಗ ಹಾಕಿ ಇಟ್ಟಂಗಿ ಒಟ್ಟಿಲಿಗಿ ಕಟ್ಟಿದ್ಳು. ಒಟ್ಟಿಲ ಜರದು ಕಾಲು ಸೊಟ್ಟಗಾತಲ್ರಿ."

"ಹಡೀವಾಗ ನನ್ನ ಕೇಳಿ ಹಡದೇನು? ಸೋಮಾರದಿಂದ ಕೈ ಬೀಸ್ಕೋತ ಬಾ. ಇಲ್ಲಂದ್ರ ಬರಬ್ಯಾಡ. ಜಗದೇವಿ ಬರ್ತಾಳ."

ಭಾಗವ್ವ ಚಿಂದಿ ಹಿಂಡಿದಳು. ಈ ಕೆಲಸ ಹೋದರೆ ಸಿಮೆಂಟಿನ ಬುಟ್ಟಿ. ತಲೆಯ ಮೇಲೆ ಬುಟ್ಟಿ, ಬೆನ್ನಿನ ಮೇಲೆ ಕೂಸು, ಕಾಲ ಕೆಳಗೆ ಅಲುಗಾಡುವ ಹಲಗೆ. ಗೋಡೆಯ ಮೇಲೆ ಗಂಧದ ಹಾರದೊಳಗಿಂದ ಗುರುಲಿಂಗಪ್ಪನ ತಾಯಿ ಶಿವಗಂಗಾ ನೋಡುತ್ತಿದ್ದಳು. ಸತ್ತ ಮೇಲೂ ಸೊಸೆಯನ್ನು ಹದ್ದುಬಸ್ತಿನಲ್ಲಿಡುವ ಮುಖ. ಮಗ ದಿನಾ ಅವಳಿಗೆ ಕೈಮುಗಿದೇ ಚಪ್ಪಲಿ ಮೆಟ್ಟುತ್ತಿದ್ದ. ತನ್ನ ವ್ಯವಹಾರಕ್ಕೂ ಅವಳದೇ ಹೆಸರು: ಶಿವಗಂಗಾ ಬಿಲ್ಡರ್ಸ್.

ಶನಿವಾರ ಟೆಂಪೊ ಬಂತು. ಅದರಿಂದ ಒಂದು ತೊಟ್ಟಿಲು ಇಳಿಯಿತು. ಬೆಳ್ಳಿ ಬಣ್ಣ ಬಳಿದದ್ದು, ಸುತ್ತ ಪ್ಲಾಸ್ಟಿಕ್ ಗುಲಾಬಿ, ತಲೆಯ ಹತ್ತಿರ ಥರ್ಮಾಕೋಲಿನ ನವಿಲು. ಸಿಮೆಂಟ್ ಚೀಲ ಇಡುವ ಶೆಡ್ಡಿಗೆ ಸುಣ್ಣ ಹೊಡೆದು ಮರಾಠಿಯಲ್ಲಿ 'ಪಾಳಣಾಘರ' ಎಂದು ಬೋರ್ಡು ಹಾಕಿದ್ದರು. ಹೆಂಗಸರು ದುಡಿಯುವ ಕಡೆ ಕೂಸುಗಳಿಗೊಂದು ಕೋಣೆ ಇರಬೇಕಂತೆ. ಅದನ್ನು ನೋಡಲು ಮಧ್ಯಾಹ್ನ ಸರಕಾರದ ಸಾಹೇಬ ಬರುವವನಿದ್ದ. ಮೂಗು ಸುರಿಯದ ಕೂಸು ಬೇಕೆಂದು ಗುರುಲಿಂಗಪ್ಪ ಹುಡುಕಿದ. ಸಿಕ್ಕಿದ್ದು ಭಾಗವ್ವನದೊಂದೇ.

"ಹಂಗಾದ್ರ ಸೋಮಾರದಿಂದ ಇಲ್ಲೇ ಮಲಗಿಸಿ ಕೆಲಸಕ್ಕ ಬರ್ತೀನ್ರಿ ಸಾಹುಕಾರ್ರ," ಎಂದಳು ಭಾಗವ್ವ. ದನಿಯಲ್ಲಿ ಆಸೆ ಎಷ್ಟಿತ್ತೆಂದರೆ ಅವಳಿಗೇ ನಾಚಿಕೆಯಾಯಿತು.

ಗುರುಲಿಂಗಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಸಂಜಿಗಿ ಈ ತೊಟ್ಟಿಲು ಪ್ಯಾಟ್ಯಾಗಿನ ಸಿಡ್ಕೋಕ್ಕ ಹೋಗ್ತದ. ಅಲ್ಲಿ ಯಾರ್ದೋ ಹೆಸರಿಡೋ ಬಾರ್ಸ ಅದ. ಬಾಡಿಗಿ ಮಾಲ್ ಹುಚ್ಚಿ ಇದು! ಒಂದು ತಾಸು ಅಳಲ್ದಂಗ ನೋಡ್ಕೋ, ಬಿಸ್ಕೀಟ್ ಪುಡಾ ಕೊಡ್ತೀನಿ."

"ಕೂಸಿಗಿ ಹಲ್ಲಿಲ್ರಿ."

"ನಿನಗವಲ್ಲ."

ಹೆಸರಿಡುವ ಬಾರ್ಸ ಅಂದದ್ದು ಭಾಗವ್ವನಿಗೆ ಚುಚ್ಚಿತು. ತನ್ನ ಕೂಸಿಗೆ ಇನ್ನೂ ಹೆಸರಿಲ್ಲ. ತೊಟ್ಟಿಲಿಗೆ ಹಾಕಬೇಕು, ಸೋದರತ್ತೆ ಹೆಸರು ಕರೆಯಬೇಕು, ಕರೆದವಳ ಬೆನ್ನಿಗೆ ಹೆಂಗಸರೆಲ್ಲ ಸೇರಿ ಗುದ್ದಬೇಕು. ಊರಲ್ಲಿ ಹೀಗೇ ನಡೆಯುವುದು. ಊರಿಗೆ ಹೋಗಲು ರಜೆ ಕೇಳಿದ್ದಕ್ಕೆ ಗುರುಲಿಂಗಪ್ಪ, "ಹೆಸರಿಲ್ದಿದ್ರ ಕೂಸು ಉಚ್ಚಿ ಹೊಯ್ಯೂದಿಲ್ಲೇನು?" ಎಂದಿದ್ದ.

ಮಧ್ಯಾಹ್ನ ಪ್ರೇಮಾಬಾಯಿ ಪೈಠಣಿ ಸೀರೆ ಉಟ್ಟು ಶೆಡ್ಡಿಗೆ ಬಂದಳು. ಕೂಸುಗಳನ್ನು ನೋಡಿಕೊಳ್ಳುವ ಬಾಯಿ ಅವಳೇ ಎಂದು ಗಂಡ ಸಾಹೇಬನಿಗೆ ಹೇಳಿದ. ಅವಳು ಎರಡೇ ಬೆರಳಲ್ಲಿ ತೊಟ್ಟಿಲು ತೂಗಿದಳು. ಕೂಲಿಯ ಹೆಂಗಸರು ತಲೆ ಬಾಚಿಕೊಂಡು ಗೋಡೆಗುಂಟ ನಿಂತಿದ್ದರು. ಸಾಹೇಬ ಮೊಬೈಲು ಹಿಡಿದು ಫೋಟೊ ತೆಗೆದ, ನವಿಲನ್ನೂ ತೆಗೆದ. ಆಮೇಲೆ ಕೂಸಿನ ಕೆನ್ನೆ ಮುಟ್ಟಿ ಪ್ರೇಮಾಬಾಯಿಯನ್ನು ಹೆಸರು ಕೇಳಿದ.

"ಕಾಯ್ ನಾವ್ ಹಿಚ?"

ತೊಟ್ಟಿಲು ನಿಂತಿತು. ಹುಟ್ಟಿದಾಗಿನಿಂದ ತನ್ನ ಕಣ್ಣ ಮುಂದೆ ತೂಗಾಡಿದ ಕೂಸು. ಗಂಟು ಎನ್ನುವಂತಿಲ್ಲ. ಪ್ರೇಮಾಬಾಯಿಯ ಕಣ್ಣು ಗೋಡೆ ಹತ್ತಿ ಇಳಿದು, ಬಾಗಿಲಾಚೆ ಹೋಗಿ, ಗಂಡನ ಕಂಪನಿಯ ದೊಡ್ಡ ಬೋರ್ಡಿನ ಮೇಲೆ ಕೂತಿತು.

"ಶಿವಗಂಗಾ," ಎಂದುಬಿಟ್ಟಳು.

ಗುರುಲಿಂಗಪ್ಪನ ಮುಖಕ್ಕೆ ಶೆಡ್ಡಿನ ಸುಣ್ಣವೇ ಬಂತು.

"ಇಟ್ರು!" ಭಾಗವ್ವ ಕೂಗಿದಳು. "ಅವ್ವಾರು ಹೆಸರ ಇಟ್ರು! ತೊಟ್ಟಿಲದಾಗ ಹಾಕಿ ತಾವೇ ಕರದ್ರು, ಸ್ವಾದರತ್ತಿ ಆದ್ರು! ಏ ಸಕ್ರವ್ವಾ, ಏನ್ ನಿಂತು ನೋಡ್ತೀ, ಗುದ್ದು!"

ಮೊದಲ ಗುದ್ದು ಸಕ್ರವ್ವನದು. ಶಾಸ್ತ್ರಕ್ಕಿಂತ ತುಸು ಭಾರವಾಗಿತ್ತು. ಆಮೇಲೆ ಎಲ್ಲರೂ ಬಂದರು. ಇಟ್ಟಂಗಿ ಹೊತ್ತ ಕೈ, ಖಡಿ ತುಂಬಿದ ಕೈ, ಬುಟ್ಟಿ ಎತ್ತಿದ ಕೈ.

"ಅರೇ ವಾ, ಬಾರ್ಸ!" ಸಾಹೇಬ ಕುಣಿದಾಡುವಷ್ಟು ಖುಷಿಯಾದ. ಅವರ ಕಡೆಯೂ ಇದೇ ಪದ್ಧತಿಯಂತೆ. ವಿಡಿಯೊ ಹಚ್ಚಿದ.

"ನಗ್ರಿ ಅವ್ವಾರ, ಶೂಟಿಂಗ್ ನಡದದ," ಎಂದು ಜಗದೇವಿ ಒಂದು ಹಾಕಿದಳು.

ಪ್ರೇಮಾಬಾಯಿ ನಕ್ಕಳು. ಪೈಠಣಿಯ ನೆರಿಗೆ ಬಿಚ್ಚುತ್ತಿತ್ತು.

"ಸಾಕ್ ಮಾಡ್ರೇ ಬೋಸುಡಿಗಳ್ರಾ, ಒಬ್ಬೊಬ್ಬಳ ಚರ್ಮ ಸುಲೀತೀನಿ," ಎಂದ ಗುರುಲಿಂಗಪ್ಪ, ಹಲ್ಲು ಕಿಸಿದುಕೊಂಡೇ.

ಕನ್ನಡ ತಿಳಿಯದ ಸಾಹೇಬ, ಏನಂದಿರಿ ಎಂದು ಕೇಳಿದ.

"ಆಶೀರ್ವಾದ ದೇತೋ, ಸಾಹೇಬ."

ಕೊನೆಗೆ ಭಾಗವ್ವ ಬಂದಳು. ತಾಯಿಯಾದವಳು ಗುದ್ದುವ ಪದ್ಧತಿಯಿಲ್ಲ. ಅವಳು ಹೊಸದಾಗಿ ಹಾಕಿಕೊಟ್ಟಳು.

ಸೋಮವಾರ ಶೆಡ್ಡಿನಲ್ಲಿ ಮತ್ತೆ ಸಿಮೆಂಟ್ ಚೀಲಗಳಿದ್ದವು. ಭಾಗವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಪಡಸಾಲೆಗೆ ಬಂದಳು. ಪ್ರೇಮಾಬಾಯಿ ಸೋಫಾದ ಮೇಲೆ ಬೋರಲು ಬಿದ್ದಿದ್ದಳು. ಮನೆಯೆಲ್ಲ ಬಾಮಿನ ವಾಸನೆ.

"ಮತ್ತ ತಂದೇನೇ ಆ ಗಂ..."

"ಶಿವಗಂಗಾ ಅನ್ರಿ. ನೀವೇ ಇಟ್ಟ ಹೆಸರು." ಭಾಗವ್ವ ಬಕೀಟು ಕೆಳಗಿಟ್ಟಳು. "ಶಿವಗಂಗಾನ ಹೊರಗ ಒಗದು ಬಾ ಅಂತ ಹೇಳ್ರಿ, ಒಗದು ಬರ್ತೀನಿ. ಸಾಹುಕಾರ್ರ ಮುಂದ ಹೇಳ್ರಿ."

ಪ್ರೇಮಾಬಾಯಿ ಒಮ್ಮೆ ಗೋಡೆಯ ಫೋಟೊ ನೋಡಿದಳು. ಮುಖವನ್ನು ದಿಂಬಿನೊಳಗೆ ಹಾಕಿದಳು.

ಅರ್ಧ ನೆಲ ಒರೆಸುವಷ್ಟರಲ್ಲಿ ಕೂಸು ಅತ್ತಿತು. ಭಾಗವ್ವ ಜೋಳಿಗೆ ಬಿಚ್ಚಿ, ಹಾರ ಹಾಕಿದ ಫೋಟೊದ ಕೆಳಗೆ ಗೋಡೆಗೆ ಒರಗಿ ಕೂತು ಹಾಲು ಕುಡಿಸತೊಡಗಿದಳು. ದೇವರ ಕೋಣೆಯಿಂದ ವಿಭೂತಿ ಹಚ್ಚಿಕೊಂಡು ಹೊರಬಂದ ಗುರುಲಿಂಗಪ್ಪ, ತಾಯಿಗೆ ಕೈಮುಗಿಯಲು ಬಂದವನು, ಅಲ್ಲೇ ನಿಂತ. ಈಗ ಕೈಮುಗಿದರೆ ಇಬ್ಬರಿಗೂ ಮುಗಿದಂತೆ.

ಭಾಗವ್ವ ಏಳಲಿಲ್ಲ. ಕೂಸಿನ ಹಣೆಯ ಬೆವರು ಒರೆಸಿದಳು.

"ಸಾಹುಕಾರ್ರ, ಫ್ಯಾನ್ ಹಚ್ರಿ," ಎಂದಳು. "ನಿಮ್ಮವ್ವಗ ಸೆಕಿ ಆಗ್ಲಾಕತ್ಯಾದ."

ಗುರುಲಿಂಗಪ್ಪನ ಕೈ ಸ್ವಿಚ್ಚಿನ ಕಡೆಗೆ ಎದ್ದಿತು, ಅರ್ಧದಲ್ಲಿ ನಿಂತಿತು. ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಭಾಗವ್ವ ಅದನ್ನೇ ನೋಡುತ್ತ ಕೂತಳು. ಅವಳಿಗೆ ಅವಸರವಿರಲಿಲ್ಲ, ಕೂಸು ಇನ್ನೂ ಕುಡಿಯುತ್ತಿತ್ತು.