ಕಾಲು ಮುಂದಾಗಿ ಹುಟ್ಟಿದವನು

ಕಿರ್ರ್, ಕಿರ್ರ್ — ಸ್ಟ್ರೆಚರಿನ ಗಾಲಿಗೆ ಎಣ್ಣೆ ಬಿಟ್ಟು ಎಷ್ಟು ದಿನವಾಯಿತೋ, ಓಬಮ್ಮ ಮಿಸುಕಿದಾಗಲೆಲ್ಲ ಕಿರ್ರ್ ಅನ್ನುತ್ತದೆ, ಈ ಸದ್ದನ್ನು ಮುದ್ದಪ್ಪ ಬೇಕೆಂದಾಗ ಗಂಟಲಲ್ಲಿ ಹೊರಡಿಸಬಲ್ಲ, ನಾಲಗೆಯನ್ನು ಅಂಗುಳಕ್ಕೆ ಒತ್ತಿ ಉಸಿರನ್ನು ಒಂಚೂರು ತಡೆದರೆ ಸಾಕು, ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಾದರೆ ನಲವತ್ತು ಮಿಷನ್ನಿನವರು ತಲೆಯೆತ್ತಿ ನಗುತ್ತಿದ್ದರು — ಥೂ, ಈಗಲೂ ಅದೇ ಬುದ್ಧಿ, ಇದು ಯೂನಿಟ್ಟಲ್ಲ, ಬಳ್ಳಾರಿಯ ಆಸ್ಪತ್ರೆಯ ಪಡಸಾಲೆ, ಇನ್ನರ್ಧ ಗಂಟೆಗೆ ಓಬಮ್ಮನಿಗೆ ಆಪರೇಷನ್, ಡಾಕ್ಟರು ಈಗಷ್ಟೇ ಬೋರಲು ಮಲಗಿಸಿ ಇನ್ನೊಮ್ಮೆ ನೋಡಿ ಹೋದರು, ಅವಳು ಹಾಗೇ ಬೋರಲು ಇದ್ದಾಳೆ, ಗಂಡ ರಾಮಾಂಜಿ ಕಾಗದಕ್ಕೆ ಸಹಿ ಹಾಕಲು ಒಳಗೆ ಹೋಗಿದ್ದಾನೆ, ಒಂದ್ ಗಳಿಗೆ ನೋಡ್ಕಳಣ್ಣ ಅಂತ ಇವನಿಗೇ ಒಪ್ಪಿಸಿ ಹೋಗಿದ್ದಾನೆ, ಯಾರನ್ನು ಯಾರಿಗೆ ಒಪ್ಪಿಸಿದನೋ ಪಾಪ, ಮತ್ತು ಸ್ಟ್ರೆಚರಿನ ಅಂಚಿನಿಂದಾಚೆ ಅವಳ ಬಲಪಾದ ಇಳಿಬಿದ್ದಿದೆ, ಹಿಮ್ಮಡಿಯ ಮೇಲೆ ಒಂದು ಹೆಬ್ಬೆರಳು ಕೂರುವಷ್ಟು ಹಳ್ಳ, ಅದನ್ನು ನೋಡಬಾರದು, ಗಾಲಿಯನ್ನು ನೋಡಬೇಕು, ಗೋಡೆಯನ್ನು ನೋಡಬೇಕು, ಗೋಡೆಯ ಮೇಲೆ ಮೌನವಾಗಿರಿ ಅಂತ ಬರೆದಿದೆ, ಈ ಮಾತನ್ನು ಇಪ್ಪತ್ತು ದಿನ ಮೊದಲೇ ಯಾರಾದರೂ ಅವನ ಬಾಯಿಯ ಮೇಲೆ ಬರೆದಿದ್ದರೆ.

ಇಪ್ಪತ್ತು ದಿನ, ಅವತ್ತು ಮಧ್ಯಾಹ್ನ ಬುತ್ತಿ ಉಂಡು ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು, ರಾಯದುರ್ಗದಲ್ಲಿ ವರ್ಷವೆಲ್ಲ ಹೊಲಿಗೆ, ವರ್ಷಕ್ಕೊಂದು ದಿನ ಹೋಳಿಗೆ ಅಂತ ಅವನೇ ನಗಿಸಿದ್ದ, ಅಷ್ಟಕ್ಕೆ ಸುಮ್ಮನಿರಬೇಕಿತ್ತು, ಇರದೆ ಮೇಲಿನ ಮೆಟ್ಟಿಲಿಗೆ ಹೋಗಿ ನಿಂತು ಮಾಲೀಕ ಚನ್ನಬಸವಯ್ಯನವರ ಕೆಮ್ಮು ಕೆಮ್ಮಿದ, ಮೊದಲು ಎರಡು ಒಣ ಕೆಮ್ಮು, ಆಮೇಲೆ ಗಂಟಲು ಕೆರೆದುಕೊಂಡು, ಯಾಕವಾ, ಇದೇನ್ ನಿಮ್ಮ ತವರುಮನಿ ಕಟ್ಟಿ ಅನ್ಕಂಡೀರೇನು, ಏಳ್ರಿ ಮ್ಯಾಲಕ — ಉಳಿದವರಿಗೆ ಗೊತ್ತಾಯಿತು, ಬಾಯಿಗೆ ಸೆರಗು ಹಿಡಿದು ನಕ್ಕರು, ಅಗಳಿ ಊರಿನಿಂದ ಬಂದು ಇನ್ನೂ ವರ್ಷ ತುಂಬದ ಓಬಮ್ಮ ಮಾತ್ರ ಬೆದರಿ ಎದ್ದು ಒಂದೇ ನೆಗೆತಕ್ಕೆ ಎರಡು ಮೆಟ್ಟಿಲು ಹಾರಲು ಹೋದಳು, ಟಪ್, ದಪ್ಪ ಬಟ್ಟೆಯಲ್ಲಿ ಸೂಜಿ ಮುರಿದ ಹಾಗೆ, ಅಷ್ಟೇ ಸದ್ದು, ಅವಳು ಬೀಳಲೂ ಇಲ್ಲ, ಕೂಗಲೂ ಇಲ್ಲ, ತಿರುಗಿ ನೋಡಿದಳು, ಯಾರಣ್ಣ ಹಿಂದ್ಲಿಂದ ಒದ್ದಿದ್ದು ಅಂದಳು, ಹಿಂದೆ ಯಾರೂ ಇರಲಿಲ್ಲ. ಹಿಮ್ಮಡಿ ಮ್ಯಾಲಿನ ಈ ಪಟ್ಟಿ ಹರಿದೋರು ಬಾಳ ಮಂದಿ ಮೊದಲು ಹಂಗಽ ಹಿಂದ ತಿರುಗಿ ನೋಡ್ತಾರ ಅಂದರು ನಿನ್ನೆ ಡಾಕ್ಟರು ಹೇಮಾ, ಯಾರೋ ಒದ್ದಂಗ ಆಗ್ತದ. ಯಾರೂ ಒದ್ದಿರಲಿಲ್ಲ, ಒಂದು ಕೆಮ್ಮು ಒದ್ದಿತ್ತು.

ಕೆಮ್ಮನ್ನಾದರೂ ದೇವರು ಕ್ಷಮಿಸಬಹುದು, ಆಮೇಲಿನದನ್ನು? ಬೆರಳು ಅಲುಗಾಡಿಸು ಅಂದ ಕಟಿಂಗ್ ಮಾಸ್ಟರ್ ಯರ್ರಪ್ಪ, ಅವಳು ಐದೂ ಬೆರಳು ಆಡಿಸಿದಳು, ಕುಂಟುತ್ತ ನಾಲ್ಕು ಹೆಜ್ಜೆ ನಡೆದೂ ತೋರಿಸಿದಳು, ಹಂಗಾದ್ರ ಏನೂ ಹರದಿಲ್ಲ ಬಿಡ್ರಿ, ಉಳುಕು, ಮುದ್ದಪ್ಪ ಅದಾನಲ್ಲ, ಕಾಲು ಮುಂದಾಗಿ ಹುಟ್ಟಿದವ, ದಿನಾ ಮೂರು ಸಲ ತುಳೀಲಿ, ಆಸ್ಪತ್ರಿ ಯಾಕ. ಎಲ್ಲರೂ ತಿರುಗಿ ಅವನ ಕಾಲುಗಳನ್ನು ನೋಡಿದರು. ಆರು ವರ್ಷದಿಂದ ನೋಡುತ್ತಿದ್ದಾರೆ, ಮಡಕಶಿರಾದಿಂದ ಬಂದ ಮೊದಲ ವಾರ ಅವನ ಮಾತಿನ ರಾಗಕ್ಕೆ ಯೂನಿಟ್ಟೆಲ್ಲ ಕಿಸಕ್ಕೆನ್ನುತ್ತಿದ್ದಾಗ ಇದೇ ಯರ್ರಪ್ಪನ ಸೊಂಟ ಹಿಡಿದಿತ್ತು, ಕಾಲು ಮುಂದಾಗಿ ಹುಟ್ಟಿದವರು ಯಾರರ ಇದ್ದೀರೇನ್ರಪಾ ಅಂತ ನರಳಿದ, ಹುಟ್ಟುವಾಗ ಕಾಲು ಮುಂದೆ ಬಂದವರು ಪಾದ ಸೋಕಿಸಿದರೆ ಉಳುಕು ಬಿಡುತ್ತದೆ ಅಂತ ಎಲ್ಲ ಊರಲ್ಲೂ ನಂಬಿಕೆ, ಮುದ್ದಪ್ಪ ಕೈಯೆತ್ತಿದ, ಯಾಕೆ ಎತ್ತಿದನೋ, ನಗುವವರು ಒಂದು ಗಳಿಗೆ ಬಾಯಿ ಮುಚ್ಚಲಿ ಅಂತ ಎತ್ತಿದ, ಬಟ್ಟೆಯ ರಾಶಿಯ ಮೇಲೆ ಯರ್ರಪ್ಪ ಬೋರಲು ಬಿದ್ದುಕೊಂಡ, ಇವನು ಎಡಗಾಲಲ್ಲಿ ಮೂರು ಸಲ ಮೆಲ್ಲಗೆ ಸವರಿದ, ಕಾಲು ಸೋಕಿಸಿದ ತಪ್ಪಿಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡ, ಯರ್ರಪ್ಪ ಎದ್ದು ಹೋತ್ರೀ ಅಂದ, ಹೋಗಿದ್ದು ನೋವೋ ಹೊತ್ತೋ, ಅವತ್ತಿನಿಂದ ಯಾರ ಕತ್ತು ಹಿಡಿದರೂ ಮುದ್ದಪ್ಪನ ಪಾದ, ಎಲೆ ಅಡಿಕೆ, ಮರ್ಯಾದೆ. ಊರಲ್ಲಿರುವ ಅವ್ವ ಈರಕ್ಕನಿಗೆ ಇದು ಗೊತ್ತಿಲ್ಲ, ಗೊತ್ತಾದರೆ ಅನ್ನುತ್ತಾಳೆ, ತಲೆ ಮುಂದೆ ಮಾಡ್ಕಂಡೇ ಬಂದೆ ಕಣ್ಲಾ ನೀನು, ಅದೂ ಬಾಯ್ ತಕ್ಕಂಡೇ ಬಂದೆ.

ಒಂಬತ್ತು ದಿನ ತುಳಿದ. ಮೊದಲ ದಿನ ಬಾವು, ಕಣಕಾಲಿನ ತನಕ ನೀಲಿಗಟ್ಟಿತ್ತು, ಅದು ಹೊಸ ಜೀನ್ಸಿನ ಬಣ್ಣ ಬಿಟ್ಟಿರೋದು ಅಂತ ನಗಿಸಿದ, ಎರಡನೇ ದಿನ ಮೆತ್ತಗೆ ಸವರುವಾಗ ಅವನ ಅಂಗಾಲಿಗೆ ಅದು ಸಿಕ್ಕಿತು, ಹಿಮ್ಮಡಿಯ ಮೇಲೆ ಹಗ್ಗದ ಹಾಗೆ ಬಿಗಿಯಾಗಿ ಇರಬೇಕಾದದ್ದು ಇರಲಿಲ್ಲ, ಅಲ್ಲಿ ಹಳ್ಳ, ಕಾಲು ಜಾರಿ ಅದರೊಳಗೆ ಇಳಿಯಿತು, ಅವಳ ಎಡಗಾಲನ್ನೂ ಮುಟ್ಟಿ ನೋಡಿದ್ದರೆ, ತನ್ನ ಕಾಲನ್ನಾದರೂ ಮುಟ್ಟಿಕೊಂಡಿದ್ದರೆ — ಮುಟ್ಟಿಕೊಂಡ, ಮನೆಗೆ ಹೋಗಿ ಮುಟ್ಟಿಕೊಂಡ, ಅವನಿಗೆ ಹಗ್ಗ ಇತ್ತು, ಆದರೂ ಬೆಳಿಗ್ಗೆ ಬಂದು ಮತ್ತೆ ತುಳಿದ, ಆಸ್ಪತ್ರೆಗೆ ಹೋಗು ಅಂದರೆ ಆರು ವರ್ಷದ ಪಾದದ ಮರ್ಯಾದೆ ಏನಾಗಬೇಕು. ಒಂಬತ್ತನೇ ದಿನ ತುದಿಗಾಲಲ್ಲಿ ನಿಲ್ಲು ಅಂದ, ಅವಳು ಗೋಡೆ ಹಿಡಿದಳು, ಎಡಗಾಲು ಎದ್ದಿತು, ಬಲಗಾಲು ನೆಲ ಬಿಡಲಿಲ್ಲ, ಎಲ್ಲರೂ ಇವನ ಮುಖ ನೋಡಿದರು, ಕಾಲಕ್ಕೆ ಬಿಡು ಓಬಮ್ಮ, ಕಾಲಿಗೆ ಕಾಲವೇ ಮದ್ದು ಅಂದ, ಎಲ್ಲರೂ ನಕ್ಕರು, ಓಬಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು, ನಕ್ಕು ಹನ್ನೊಂದು ದಿನ ಕಾಲಕ್ಕೆ ಬಿಟ್ಟಳು, ಕುಂಟುತ್ತ ಬಂದು ಎಡಗಾಲಲ್ಲಿ ಪೆಡಲ್ ತುಳಿದಳು.

ಕೊನೆಗೆ ನಿನ್ನೆ ರಾಮಾಂಜಿ ಅವಳನ್ನು ಬಳ್ಳಾರಿಗೆ ಕರೆತಂದ, ಇವನೂ ಜೊತೆಗೆ ಬಂದ, ಡಾಕ್ಟರು ಎರಡೂ ಪಾದ ಮಂಚದಾಚೆ ಬಿಡಿಸಿ ಎಡಗಾಲಿನ ಮೀನಖಂಡ ಹಿಚುಕಿದರು, ಎಡಪಾದ ಪೆಡಲ್ ಒತ್ತಿದ ಹಾಗೆ ತಾನಾಗಿ ಚಾಚಿತು, ಬಲಗಾಲಿನದನ್ನು ಹಿಚುಕಿದರು — ಇಲ್ಲ, ಇನ್ನೊಮ್ಮೆ ಹಿಚುಕಿದರು, ಬೇರೆ ಯಾರದೋ ಪಾದವನ್ನು ತಂದು ತೂಗುಹಾಕಿದ ಹಾಗೆ, ಅಲುಗಲಿಲ್ಲ. ಬೆರಳಾಡಿಸೋ ಪಟ್ಟಿಗಳು ಬ್ಯಾರೆ ಅಮ್ಮಾ, ಅವು ನೆಟ್ಟಗದಾವ, ಮೀನಖಂಡಾನ ಹಿಮ್ಮಡಿಗೆ ಕಟ್ಟಿರೋ ಪಟ್ಟಿ ಪೂರಾ ಹರದದ, ಆವಾಗಽ ಬಂದಿದ್ರ ಬೆರಳು ಕೆಳಗ ಮಾಡಿ ಪ್ಲಾಸ್ಟರ್ ಹಾಕಿ, ಆಮ್ಯಾಲ ಹಿಮ್ಮಡಿ ಅಡಿ ಮೆತ್ತಿ ಇಟ್ಟ ಬೂಟಿನಾಗ ನಡಸ್ತಿದ್ದೆ, ಕೊಯ್ಯದಽ ಕೂಡ್ಕೊಳ್ಳೋದಿತ್ತೇನೋ, ಈಗ ಎರಡು ತುದಿ ಮೂರು ಬೆರಳು ದೂರ ಸರದಾವ, ಹೊಲೀಬೇಕು. ನಾನು ಹೊಲಿಯೋಳು, ನನ್ನೇ ಹೊಲಿತೀರಾ ಮೇಡಂ ಅಂದಳು ಓಬಮ್ಮ, ನಕ್ಕಳು, ಆಮೇಲೆ ನಗು ನಿಲ್ಲಿಸಿ ಕೇಳಿದಳು, ಪೆಡಲ್ ತುಳೀಬೌದಾ. ಆರು ತಿಂಗಳಾಗಲಿ, ಆಮ್ಯಾಲ ನೋಡೋಣು. ಇಷ್ಟು ದಿನ ಏನ್ ಮಾಡಿದ್ರಿ? ನಮ್ಮ ಮುದ್ದಣ್ಣ ಕಾಲ್ ಮುಂದಾಗಿ ಹುಟ್ಟಿರಾರು ಮೇಡಂ, ಅವ್ರು ತುಳುದಿದ್ಕೇ ಇಷ್ಟಾದ್ರೂ ನಡ್ಕಂಡ್ ಬಂದೆ. ಡಾಕ್ಟರು ಅವನ ಮುಖ ನೋಡಲಿಲ್ಲ, ಕಾಲು ನೋಡಿದರು.

ಕಿರ್ರ್ — ಅಣ್ಣ, ಅನ್ನುತ್ತಿದ್ದಾಳೆ ಓಬಮ್ಮ, ಮುಖ ಗೋಡೆಯ ಕಡೆಗಿದೆ, ಅಣ್ಣ, ಒಳಿಕ್ಕೆ ಕರ್ಕಂಡೋಗಕ್ ಮುಂಚೆ ಇನ್ನೊಂದ್ ಸಲ ಸೋಕಿಸ್ಬಿಡು, ನನಗ್ ಭಯ ಆಯ್ತೈತೆ. ಎಡಗಾಲು ಅಭ್ಯಾಸಬಲದಿಂದ ಆಗಲೇ ಚಪ್ಪಲಿ ಕಳಚಿದೆ, ನೆಲ ತಣ್ಣಗಿದೆ, ಹೇಳಬೇಕು, ಯಾರ ದನಿಯಲ್ಲಿ ಹೇಳುವುದು, ಚನ್ನಬಸವಯ್ಯನವರ ದನಿ ಬಂತು, ನುಂಗಿದ, ಯರ್ರಪ್ಪನ ದನಿ ಬಂತು, ನುಂಗಿದ, ಅವ್ವನ ದನಿಯೂ ಬಂತು, ಅದನ್ನೂ ನುಂಗಿದ, ಒಳಗೆ ಇನ್ನೇನೂ ಇಲ್ಲವೇನೋ ಅನ್ನಿಸಿದಾಗ ಒಣ, ಸಣ್ಣ, ಗುರುತಿಲ್ಲದ ಒಂದು ದನಿ ಹೊರಟಿತು, ಓಬಮ್ಮ, ನಾನು ತಲೆ ಮುಂದಾಗೇ ಹುಟ್ಟಿರೋನು, ಅದೆಲ್ಲ ಸುಳ್ಳು, ನಿನ್ ಕಾಲಲ್ಲಿ ಹಳ್ಳ ಐತೆ ಅಂತ ನನಗೆ ಎರಡ್ನೇ ದಿನಾನೇ ಗೊತ್ತಿತ್ತು. ಅವಳ ಬೆನ್ನು ಕುಲುಕುತ್ತಿದೆ, ಅಳುತ್ತಿದ್ದಾಳೆ — ಅಲ್ಲ, ನಗುತ್ತಿದ್ದಾಳೆ, ಈಗ್ಲೂ ಬಿಡಕಿಲ್ವಲ್ಲಣ್ಣ ನೀನು, ಇದ್ಯಾರ್ ದನಿ, ಎಲ್ಲಾರ್ದೂ ಗೊತ್ತಾಯ್ತಿತ್ತು, ಇದೊಂದ್ ಗೊತ್ತಾಗ್ಲಿಲ್ಲ, ಸೋಕಿಸು ಬೇಗ, ಬಂದ್ಬಿಡ್ತಾರೆ. ಗಾಲಿ ಸುಮ್ಮನಾಗಿದೆ, ಅವನ ಎಡಗಾಲು ನೆಲ ಬಿಡುತ್ತಿಲ್ಲ, ಸ್ಟ್ರೆಚರಿನ ಅಂಚಿನಿಂದಾಚೆ ಅವಳ ಪಾದ ಕಾಯುತ್ತಿದೆ, ಹಿಮ್ಮಡಿಯ ಮೇಲೆ ಆ ಹಳ್ಳ, ಇಳಿಬಿದ್ದ ಪಾದ, ಅಲುಗದ ಪಾದ, ಪಾದ —