ಪಟ್ಟಿಯ ಮೊದಲ ಹೆಸರು

"ನಂಗೆ ಓದಕ್ ಬರಲ್ಲ, ನೀನೇ ನೋಡವ್ವ. ಮೆಸೇಜು ಬಂದಿದ್ರೆ ಇದ್ರಲ್ಲೇ ಇರ್ಬೇಕಲ್ವ?" ಪುಟ್ಟಗೌರಮ್ಮ ಕೌಂಟರಿನ ಮೇಲೆ ಫೋನಿಟ್ಟಳು.

ಆಶಾರಾಣಿ ಅದನ್ನು ಮುಟ್ಟಲಿಲ್ಲ. "ಎಲ್ರಿಗೂ ಓಗಿದೆ ಕಣಮ್ಮ. ನೀವೇ ನೋಡ್ಕಂಡಿಲ್ಲ."

ಕೊಳ್ಳೇಗಾಲದ ಆ ಸಣ್ಣ ಆಸ್ಪತ್ರೆಗೆ ಗುರುವಾರ ಡಯಾಲಿಸಿಸ್‌ಗೆ ಬರುವವರು ಹನ್ನೆರಡು ಮಂದಿ. ಯಂತ್ರಗಳ ರಿಪೇರಿಯಿದ್ದುದರಿಂದ ಈ ಸಲ ಸರದಿಯನ್ನು ಬುಧವಾರಕ್ಕೇ ತಂದಿದ್ದರು. ಅದನ್ನು ಎಲ್ಲರ ಫೋನಿಗೂ ತಿಳಿಸಿದ್ದು ಆಶಾರಾಣಿ ಬರೆದ ಪ್ರೋಗ್ರಾಂ. ರಿಸೆಪ್ಷನ್ನಿನ ಕುರ್ಚಿಯಲ್ಲಿ ಕೂತೇ, ಬಿಡುವಾದಾಗಲೆಲ್ಲ ವಿಡಿಯೋ ನೋಡಿಕೊಂಡು ಅವಳು ಜಾವಾಸ್ಕ್ರಿಪ್ಟ್ ಕಲಿತಿದ್ದಳು. ಡಾಕ್ಟರು ಎಲ್ಲರೆದುರು ಹೊಗಳಿದ್ದರು.

ಪುಟ್ಟಗೌರಮ್ಮನ ಗಂಡ ಹನುಮಯ್ಯ ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ. ಮುಖ ಊದಿತ್ತು, ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ಎಂದಿನಂತೆ ಗುರುವಾರವೇ, ಸತ್ತೇಗಾಲದ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ಯಂತ್ರಗಳನ್ನು ಬಿಚ್ಚಿಟ್ಟಿದ್ದರಿಂದ ಡಾಕ್ಟರು ಅವನನ್ನು ಮೈಸೂರಿಗೆ ಕಳಿಸಲು ಆಂಬುಲೆನ್ಸಿಗೆ ಹೇಳಿ, ಇತ್ತ ತಿರುಗಿದರು. "ಒಂದು ಮೆಸೇಜ್ ನೋಡೋಕಾಗಲ್ವೇನಮ್ಮ? ಅವರ ಜೀವ ನಿಮ್ಮ ಕೈಲಿತ್ತು."

"ನಂದೇ ತಪ್ಪು ಸಾ," ಎಂದ ಪುಟ್ಟಗೌರಮ್ಮ ಗಂಡನ ಹತ್ತಿರ ಹೋಗದೆ ಬಾಗಿಲ ಬಳಿಯೇ ನಿಂತಳು.

ಆಶಾರಾಣಿ ಆಗ ಫೋನ್ ತೆಗೆದು ನೋಡಿದಳು. ಮೆಸೇಜ್ ಇರಲಿಲ್ಲ.

ಕಂಪ್ಯೂಟರಿನಲ್ಲಿ ತಾನು ಬರೆದುದನ್ನು ತೆರೆದಳು. ಒಂದರಿಂದ ಹನ್ನೆರಡರವರೆಗೆ ಒಬ್ಬೊಬ್ಬರಿಗೂ ಕಳಿಸು ಎಂದು ಲೂಪ್ ಬರೆದಿದ್ದಳು. ಜಾವಾಸ್ಕ್ರಿಪ್ಟ್ ಪಟ್ಟಿಯನ್ನು ಎಣಿಸುವುದು ಸೊನ್ನೆಯಿಂದ, ಕೊನೆಯವರದು ಹನ್ನೊಂದು. ಹನ್ನೆರಡರಲ್ಲಿ ಯಾರೂ ಇಲ್ಲ. ಅವತ್ತು ಕೊನೆಗೆ ಕೆಂಪಕ್ಷರದಲ್ಲಿ ಏನೋ ದೋಷ ಬಂದಿತ್ತು ನಿಜ. ಪಟ್ಟಿಯ ಕೊನೆಯಲ್ಲಿದ್ದ ಮಾದೇಶನಿಗೆ ಫೋನ್ ಮಾಡಿ, ಮೆಸೇಜ್ ತಲುಪಿದೆ ಎಂದು ಗೊತ್ತಾದ ಮೇಲೆ ಸುಮ್ಮನಾಗಿದ್ದಳು. ಲೂಪ್ ಮುಟ್ಟದೆ ಬಿಟ್ಟ ಸೊನ್ನೆಯಲ್ಲಿದ್ದವನು ಹನುಮಯ್ಯ.

ಒಂದನ್ನು ಅಳಿಸಿ ಸೊನ್ನೆ ಮಾಡಿದಳು. ಹನ್ನೆರಡಕ್ಕಿಂತ ಮೊದಲೇ ನಿಲ್ಲಲೆಂದು ಆ ಅಂಕಿಯ ಹಿಂದಿದ್ದ ಸಮ ಚಿಹ್ನೆ ತೆಗೆದಳು. ಅಷ್ಟೇ ಇದ್ದದ್ದು. ಇನ್ನು ಯಾರು ತೆರೆದು ನೋಡಿದರೂ ಎಲ್ಲ ಸರಿಯಾಗೇ ಕಾಣುತ್ತಿತ್ತು. ಅವಳು ಎದ್ದು ಹೋಗಿ ಡಾಕ್ಟರ ಮುಂದೆ ನಿಂತಳು.

"ಸಾರ್, ಅವ್ರಿಗೆ ಮೆಸೇಜ್ ಓಗೇ ಇಲ್ಲ. ನಾನು ಬರ್ದಿದ್ದೇ ತಪ್ಪಾಗಿತ್ತು."

ಡಾಕ್ಟರು ಅವಳನ್ನೇ ನೋಡಿದರು. "ಆ ಪಟ್ಟಿ ಪ್ರಿಂಟ್ ಮಾಡಿ ಸಿಸ್ಟರ್‌ಗೆ ಕೊಡು. ಇನ್ಮೇಲೆ ಅವರೇ ಫೋನ್ ಮಾಡ್ತಾರೆ," ಎಂದು ಒಳಗೆ ಹೋದರು.

"ಅಂಗಾರೆ ನಾನು ನೋಡ್ಕಳ್ದೆ ಇದ್ದುದ್ಕೆ ಆಗಿದ್ದಲ್ವ?" ಪುಟ್ಟಗೌರಮ್ಮ ಕೇಳಿದಳು.

"ಅಲ್ಲ ಕಣಮ್ಮ."

ಪುಟ್ಟಗೌರಮ್ಮ ಬಾಗಿಲ ಬಳಿಯಿಂದ ಬಂದಳು. ಬೆಂಚಿನ ಬಳಿ ನೆಲದ ಮೇಲೆ ಕೂತು, ಗಂಡನ ಪಾದವನ್ನು ಮಡಿಲಿಗೆಳೆದುಕೊಂಡು ಒತ್ತತೊಡಗಿದಳು. ಅವಳ ಹೆಬ್ಬೆರಳು ಊರಿದಲ್ಲೆಲ್ಲ ಗುಳಿ ಬಿದ್ದು, ಕೈ ತೆಗೆದ ಮೇಲೂ ಹಾಗೇ ಉಳಿಯುತ್ತಿತ್ತು.