ಹನ್ನೆರಡನೆಯ ಗುರುತು

“ಗೌರಿ, ನಿನ್ನ ಗೂಡಿನಾಗೆ ಏನೋ ಕೀಂಕೀಂ ಅಂತೈತೆ ನೋಡೇ. ಇಲಿಮರಿ ಸೇರ್ಕಂಡೈತೇನೋ,” ಎಂದರು ಅವ್ವ ತಿಪ್ಪೇರುದ್ರಮ್ಮ.

ಇಲಿಯಲ್ಲ. ಚಳ್ಳಕೆರೆಯ ಆ ಮನೆಯ ಗೋಡೆಗೂಡಿನಲ್ಲಿ, ದೂಳು ಕೂರದಿರಲೆಂದು ಅವ್ವ ಹೊದಿಸಿದ್ದ ರವಿಕೆ ಕಣದ ಕೆಳಗೆ, ಕಪ್ಪು ಪೆಟ್ಟಿಗೆಯೊಂದು ಕೂತಿತ್ತು. ಹೈಸ್ಕೂಲ್ ಟೀಚರ್ ಮಂಗಳಗೌರಿಯ ಮನೆಯಲ್ಲಿ ಭಾನುವಾರ ಸೇರುವ ಓದುಗರ ಬಳಗದವರು ಎರಡು ವರ್ಷದ ಹಿಂದೆ, 2007ರಲ್ಲಿ, ತಂದದ್ದು. ಮನೆಯ ಮೂರು ಕಂಪ್ಯೂಟರಿಗೂ ಅದರಿಂದ ತಂತಿ. ಒಳಗೆ ಎರಡು ಡಿಸ್ಕು. ಒಂದರಲ್ಲಿ ಇದ್ದದ್ದೆಲ್ಲ ಇನ್ನೊಂದರಲ್ಲೂ ಇರುತ್ತಿತ್ತು. ಒಂದು ಸತ್ತರೆ ಇನ್ನೊಂದು ಕಾಯುತ್ತದೆ ಎಂಬ ಧೈರ್ಯ.

ಅದರೊಳಗೆ ಇದ್ದದ್ದು ದೊಡ್ಡಪಾಲಯ್ಯ.

ತಳಕು ಊರಿನ ಆಚೆಯ ಹುಲ್ಲುಬಯಲಿನ ಕಾವಲಿನಲ್ಲಿ ದೇವರ ಎತ್ತು ಕಾಯುತ್ತಿದ್ದ ಕಿಲಾರಿ ಆತ. ಸರ್ಕಾರದ ಕಾಗದದಲ್ಲಿ ಆ ಕಾವಲು ‘ಖಾಲಿ ಜಮೀನು’. ತಲೆಮಾರುಗಟ್ಟಲೆ ದನ ಮೇದ ನೆಲವನ್ನು ಖಾಲಿ ಎಂದು ಬರೆಯಲು ಒಂದು ಪೆನ್ನು ಸಾಕು. ಖಾಲಿಯಲ್ಲ ಎನ್ನುವವನು ಮಾತ್ರ ದಾಖಲೆ ತರಬೇಕು. ದಾಖಲೆ ಇದ್ದದ್ದು ಮುದುಕನ ಬಾಯಲ್ಲಿ. ಒಂಬತ್ತು ದಿನ ಬಳಗದವರ ಕ್ಯಾಮೆರಾದ ಮುಂದೆ ಬರಿಗಾಲಲ್ಲಿ ನಡೆದು, ಕಾವಲಿನ ಎಲ್ಲೆಯ ಅರವತ್ತೊಂದು ಗುರುತುಗಳನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳಿದ್ದ. ಯಾವ ಕಲ್ಲಿನ ಬುಡದಲ್ಲಿ ಯಾವ ಎತ್ತನ್ನು ಮಣ್ಣು ಮಾಡಿದ್ದು, ಯಾವ ಕುಂಟೆಯ ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ, ಎಲ್ಲವನ್ನೂ.

“ಮೇಡಮ್ಮ, ಇದ್ನೆಲ್ಲ ಪೆಟ್ಟಿಗೆಗೆ ಯಾಕೆ ಹೇಳ್ಬೇಕು? ನಮ್ಮ ಹುಡುಗ ಪಾತಣ್ಣ ನನ್ ಜತೆ ಒಂದು ಮಳೆಗಾಲ ತಿರುಗಿದ್ರೆ ಅವ್ನಿಗೇ ಬರ್ತೈತೆ,” ಎಂದಿದ್ದ ಅವನು ಒಂದು ದಿನ.

“ಪಾತಣ್ಣಂಗೆ ಲಾರಿ ಬಿಟ್ಟು ಬರಾಕೆ ಎಲ್ಲೈತೆ ಪುರುಸೊತ್ತು, ಅಜ್ಜ? ಮನುಷ್ಯರು ಮರೀತಾರೆ. ಪೆಟ್ಟಿಗೆ ಮರೆಯಲ್ಲ,” ಎಂದಿದ್ದಳು ಗೌರಿ.

ಮುದುಕ ನಕ್ಕಿದ್ದ. “ಅದೂ ಸರೀನೇ ಬಿಡು. ನಮ್ಮ ದೇವ್ರೂ ಪೆಟ್ಟಿಗೇಲೇ ತಾನೇ ಇರೋದು.”

ಆಷಾಢದಲ್ಲಿ ಅವನು ತೀರಿಕೊಂಡ. ಈಗ ಆಯುಧಪೂಜೆ ಕಳೆದು ಮೂರು ವಾರ. ಕಾವಲಿನ ಸುತ್ತ ಬೇಲಿಯ ಕಂಬಗಳು ಬಂದು ಬಿದ್ದಿದ್ದವು. ಕಾವಲು ಖಾಲಿಯೋ ಅಲ್ಲವೋ ಎಂದು ಬರುವ ಗುರುವಾರ ವಿಚಾರಣೆ. ವಿಡಿಯೊ ನೋಡುತ್ತೇವೆಂದು ಅಧಿಕಾರಿಗಳು ಒಪ್ಪಿದ್ದರು. ಒಪ್ಪಿಸಲು ನಾಲ್ಕು ತಿಂಗಳು ಹಿಡಿದಿತ್ತು.

ಗೌರಿ ಕಣ ಸರಿಸಿದಳು. ಪೆಟ್ಟಿಗೆಯ ಮೂತಿಯ ಮೇಲೆ ಎರಡು ಪುಟ್ಟ ದೀಪ, ಒಂದೊಂದು ಡಿಸ್ಕಿಗೆ ಒಂದೊಂದು. ಪೆಟ್ಟಿಗೆ ಮಾರಿದ್ದ ದುರ್ಗದ ವೀರೇಶನಿಗೆ ಫೋನು ಹಚ್ಚಿದಳು.

“ಕಂಪ್ಯೂಟರಿನಾಗೆ ಅದರ ಪುಟ ತೆಗೆದು ನೋಡ್ರಿ ಮೇಡಂ. ಯಾವ ಡಿಸ್ಕು ಕೆಟ್ಟೈತೆ ಅಂತ ಅಲ್ಲೇ ಬರೆದಿರ್ತೈತೆ.”

“ಹದಿನೈದು ನಿಮಿಷದಿಂದ ತಿರುಗ್ತಾನೇ ಐತೆ ವೀರೇಶ, ಪುಟ ಬರ್ತಿಲ್ಲ.”

“ಹಂಗಾರೆ ದೀಪ ಹೇಳ್ರಿ.”

“ಎಡಗಡೇದು ಹಳದಿ. ಬಲಗಡೇದು ಕೆಂಪು, ಮಂಕಾಗಿ.”

“ಕೆಂಪು ಅಂದ್ರೆ ಅದು ಹೋಯ್ತು ಅಂತ. ಹಳದಿ ಅಂದ್ರೆ ಏದುಸಿರು ಬಿಡ್ತೈತೆ, ಆದ್ರೂ ಜೀವ ಐತೆ. ಕೆಂಪಿಂದು ಎಳೆದು, ನಾನು ಕೊಟ್ಟಿದ್ದ ಹೊಸದನ್ನ ಅಲ್ಲಿಗೆ ಹಾಕ್ರಿ. ಹಳದಿದು ಸಾಯೋದ್ರೊಳಗೆ ಅದ್ರಿಂದ ಇದಕ್ಕೆ ನಕಲಾಗ್ಲಿ.”

ಬಲಗಡೆಯದನ್ನು ಎಳೆದಳು. ಹೊಸದನ್ನು ತಳ್ಳಿದಳು. ಒಳಗೆ ಗುಂಯ್ ಎಂದಿತು.

ಬಳಗಕ್ಕೊಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಕಾವಲಿನ ವಿಚಾರದ ಸಭೆಗೆ ಬಂದವರ ಪಟ್ಟಿ ಯಾರದೋ ಕೈ ಸೇರಿ, ಏಳು ಜನ ಕುರಿಗಾಹಿಗಳನ್ನು ಸ್ಟೇಷನ್ನಿಗೆ ಕರೆಸಿ ದಿನವಿಡೀ ಬಿಸಿಲಲ್ಲಿ ಕೂರಿಸಿದ್ದರು. ಅಂದಿನಿಂದ ಯಾರ ಹೆಸರೂ ಮನೆಯಾಚೆ ಹೋಗಕೂಡದು, ಬೇರೆಲ್ಲೂ ನಕಲು ಇರಕೂಡದು, ಕೆಟ್ಟ ಡಿಸ್ಕು ಇಡಿಯಾಗಿ ಗುಜರಿಗೆ ಬೀಳಕೂಡದು. ಆ ಕಟ್ಟುಪಾಡು ಮಾಡಿದವಳೇ ಗೌರಿ. ಎಳೆದ ಡಿಸ್ಕನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ಗುಂಡುಕಲ್ಲೆತ್ತಿ ಕುಟ್ಟಿದಳು. ಒಳಗಿನ ತಟ್ಟೆ ಕನ್ನಡಿಯಂತೆ ಚೂರಾಗುವವರೆಗೂ ಬಿಡಲಿಲ್ಲ. ಕೆಲಸ ಮುಗಿಸಿದ ಸಮಾಧಾನದಲ್ಲಿ ಕೈ ತೊಳೆದು ಬಂದಳು.

ಬಲಗಡೆಯ ದೀಪ ಆಗಲೂ ಕೆಂಪು.

ಹೊಸ ಡಿಸ್ಕು. ಈಗ ತಾನೇ ಹಾಕಿದ್ದು. ಅದೂ ಹೇಗೆ ಕೆಂಪಾದೀತು?

ಬೆರಳಿನಿಂದ ಒರೆಸಿದಳು. ಕೆಂಪು ಬೆರಳಿಗೆ ಬಂತು. ಅದರ ಕೆಳಗೆ ದೀಪ ಹಸಿರಾಗಿ, ಎಳೆ ಗರಿಕೆಯ ಹಾಗೆ, ಉರಿಯುತ್ತಿತ್ತು.

ಆಯುಧಪೂಜೆಯ ಬೊಟ್ಟು. ಹೊಲಿಗೆ ಮಿಷನ್ನು, ಸೈಕಲ್ಲು, ಈಳಿಗೆಮಣೆ, ಎಲ್ಲದಕ್ಕೂ ಇಟ್ಟಂತೆ ಅವ್ವ ಪೆಟ್ಟಿಗೆಗೂ ಇಟ್ಟಿದ್ದರು, ಸರಿಯಾಗಿ ಬಲಗಡೆಯ ದೀಪದ ಮೇಲೆ.

ಕುಟ್ಟಿದ್ದು ಚೆನ್ನಾಗಿದ್ದುದನ್ನು.

ಎಡಗಡೆಯದು ಟಕ್ ಟಕ್ ಎನ್ನತೊಡಗಿತು. ಗೌರಿ ಪೆಟ್ಟಿಗೆಗೆ ಕಿವಿಗೊಟ್ಟು ಕೂತಳು, ಕಾಯಿಲೆಯವರ ಎದೆಗೆ ಕಿವಿಗೊಟ್ಟ ಹಾಗೆ. ಅರ್ಧ ಗಂಟೆಗೆ ಸದ್ದೂ ನಿಂತಿತು. ಹೊಸದಕ್ಕೆ ಏನೂ ನಕಲಾಗಿರಲಿಲ್ಲ.

ತಿಪ್ಪೇರುದ್ರಮ್ಮ ಮಗಳ ಬೆರಳನ್ನೇ ನೋಡುತ್ತ ನಿಂತಿದ್ದರು. “ನಾನಿಟ್ಟಿದ್ದಾ ಅದು?”

“ಇಲ್ಲವ್ವ. ನಾನು ಒರೆಸಿ ನೋಡ್ಲಿಲ್ಲ. ನೀನು ಹೋಗಿ ಊಟ ಮಾಡು.”

ಸೋಮವಾರ ವೀರೇಶ ಬಸ್ಸು ಹತ್ತಿ ಬಂದ. ಎಡಗಡೆಯ ಡಿಸ್ಕನ್ನು ಅಲುಗಿಸಿ ನೋಡಿದ, ಕಂಪ್ಯೂಟರಿಗೆ ಹಚ್ಚಿ ನೋಡಿದ. “ಸೂಜಿ ತಟ್ಟೇನ ಗೀರಿಬಿಟ್ಟೈತೆ ಮೇಡಂ. ಯಾರ ಹತ್ರ ಒಯ್ದರೂ ಬರಲ್ಲ.” ಹಿತ್ತಲಿನ ಚೂರುಗಳನ್ನು ನೋಡಿದವನು ಚಹಾವನ್ನೂ ಕುಡಿಯದೆ ಹೋದ.

ಬುಧವಾರ ಬೆಳಿಗ್ಗೆ ಪಾತಣ್ಣ ಬಂದ. ಶೇಂಗಾ ಲಾರಿ ಓಡಿಸುವವನು, ಅಂದು ಇಸ್ತ್ರಿ ಅಂಗಿ ತೊಟ್ಟಿದ್ದ. “ನಾಳೆ ಎಲ್ರ ಮುಂದೆ ನೋಡಿದ್ರೆ ಅಳು ಬಂದುಬಿಡ್ತೈತೆ ಮೇಡಮ್ಮ. ಅದಕ್ಕೇ ಇವತ್ತೇ ಒಂದ್ಸಲ ಅಪ್ಪನ್ನ ನೋಡ್ಕಂಡು ಹೋಗಾನ ಅಂತ ಬಂದೆ.”

ಗೌರಿ ಮೂರು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ಬರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಗುಂಡುಕಲ್ಲನ್ನೂ ಬಿಡಲಿಲ್ಲ.

ಪಾತಣ್ಣ ಕನ್ನಡ ಬಿಟ್ಟು ಮನೆಯ ತೆಲುಗಿನಲ್ಲಿ, ತನಗೇ ಎಂಬಂತೆ ಕೇಳಿದ. “ಅಂತಾ ಪೋಯಿಂದಾ?” ಎಲ್ಲಾ ಹೋಯಿತಾ?

“ಎಲ್ಲಾ.”

“ಅಪ್ಪ ಕರೀತಿದ್ದ ಕಣ್ರಿ. ಬಾ ಲೇ, ಸಾಯೋದ್ರೊಳಗೆ ಒಂದ್ಸಲ ನಡಿ ಅಂತ. ಮೇಡಮ್ಮಾರ ಪೆಟ್ಟಿಗೇಲಿ ಐತಲ್ಲಪ್ಪಾ ಅಂದುಬಿಟ್ಟೆ.”

ಪಾತಣ್ಣ ಗೂಡಿನ ಕಡೆಯಿಂದ ಅವಳ ಕಡೆಗೆ ತಿರುಗಿದ.

“ನಿಮಗೆ ಎಷ್ಟು ನೆನಪೈತೆ ಮೇಡಮ್ಮ? ಒಂಬತ್ತು ದಿನ ಜತೇಲಿ ನಡೆದಿದ್ರಲ್ಲ.”

ಅವಳು ಒಂದು ಹಾಳೆ ತಂದು ಒಂದರಿಂದ ಅರವತ್ತೊಂದರವರೆಗೆ ಅಂಕಿ ಹಾಕಿದಳು. ಇಬ್ಬರೂ ಕೂತರು. ಬಿಳಿಕಲ್ಲು ದಿಬ್ಬ. ಎಮ್ಮೆ ಸತ್ತ ಕುಂಟೆ. ತೋಳನ ಬಿಲ. ಒಂದು ಅವಳು ಹೇಳಿದರೆ, ಹುಡುಗನಾಗಿದ್ದಾಗ ಕಂಡದ್ದನ್ನು ನೆನೆದು ಒಂದು ಅವನು. ಜಾಲಿ ಕಟ್ಟೆ. ಮುತ್ತಿಗನೆತ್ತಿನ ಗುಡ್ಡೆ. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಅಪ್ಪನ ಎಳೆತ ಬಂದಂತಾಗಿ ಗೌರಿಗೆ ಆಸೆ ಹುಟ್ಟಿತು. ಹನ್ನೊಂದನೆಯದು, ಜೋಡಿಬಂಡೆ.

“ಅಲ್ಲಿಂದ ಅಪ್ಪ ಎಡಕ್ಕೆ ತಿರುಗ್ತಿದ್ದ,” ಎಂದ ಪಾತಣ್ಣ. ಕಣ್ಣು ಮುಚ್ಚಿ ಕೈಯನ್ನು ಗಾಳಿಯಲ್ಲಿ ತಿರುಗಿಸಿದ. “ಎಡಕ್ಕಾ? ಬಲಕ್ಕಾ, ಮೇಡಮ್ಮ?”

ಅವಳಿಗೆ ನೆನಪಿದ್ದದ್ದು ಇಷ್ಟೇ: ಜೋಡಿಬಂಡೆಯ ಹತ್ತಿರ ಕ್ಯಾಮೆರಾ ಸರಿಯಾಗಿ ಓಡುತ್ತಿದೆಯೇ ಎಂದು ತಾನು ತಲೆ ಬಗ್ಗಿಸಿ ನೋಡುತ್ತಿದ್ದದ್ದು. ಮುದುಕ ಯಾವ ಕಡೆಗೆ ಹೋದ ಎಂದು ನೋಡಿರಲಿಲ್ಲ.

ಹಾಳೆಯ ಮೇಲೆ ಹನ್ನೆರಡರಿಂದ ಕೆಳಕ್ಕೆಲ್ಲ ಖಾಲಿ.